ಬೇಟೆಗಾರರ ಸ್ಕೋಪು, ನನ್ನ ಮಗಳ ಕಣ್ಣು ಮತ್ತು ನಿಮ್ಮ ಬ್ಯಾಡ್ಮಿಂಟನ್ ಕೂಪನ್

ಇಂದ:
ನಿಮ್ಮ ಗ್ರಾಹಕ (ಇನ್ನು ಎಷ್ಟು ದಿನವೋ ಗೊತ್ತಿಲ್ಲ),
ಕ್ಯಾತ್ಸಂದ್ರ, ತುಮಕೂರು

ಗೆ:
ಗ್ರಾಹಕ ದೂರು ಅಧಿಕಾರಿಗಳು

ವಿಷಯ: 3-9×40 ರೈಫಲ್ ಸ್ಕೋಪ್ (ಗನ್ನಿನ ಮೇಲೆ ಕೂರಿಸುವ ದುರ್ಬೀನು, ಮೂರರಿಂದ ಒಂಬತ್ತು ಪಟ್ಟು ದೊಡ್ಡದು ಮಾಡಿ ತೋರಿಸುವುದು, ಮುಂದಿನ ಗಾಜು 40 ಮಿ.ಮೀ.) ವಾಪಸ್ ತೆಗೆದುಕೊಳ್ಳದಿರುವುದು ಮತ್ತು ನನ್ನನ್ನು ಬೇಟೆಗಾರ ಎಂದು ಬರೆದುಕೊಂಡಿರುವುದು

ಸ್ವಾಮಿ,

ಒಂಬತ್ತು ಸಲ ಫೋನ್ ಮಾಡಿದ್ದೇನೆ. ಮೂರು ಇಮೇಲ್ ಕಳಿಸಿದ್ದೇನೆ. ಎಲ್ಲದರಲ್ಲೂ 'ದಯವಿಟ್ಟು' ಅಂತ ಬರೆದಿದ್ದೆ. ಈ ಪತ್ರದಲ್ಲಿ ಆ ಪದ ಕಾಣದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ನನ್ನ ಹತ್ತಿರ ಇದ್ದದ್ದು ಖರ್ಚಾಗಿದೆ.

ನಾನು ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಲೇತ್ ವರ್ಕ್‌ಶಾಪ್ ಇಟ್ಟುಕೊಂಡಿದ್ದೇನೆ. ಮಗಳು ಹತ್ತನೇ ತರಗತಿ. ಎರಡು ವರ್ಷದಿಂದ ಅವಳಿಗೆ ಶೂಟಿಂಗ್ ಹುಚ್ಚು. ಮನೆಯ ಹಿಂದಿನ ಕಾಂಪೌಂಡ್‌ಗೆ ಮರಳಿನ ಚೀಲ ಜೋಡಿಸಿ, ಮುಂದೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟು, ಅದಕ್ಕೆ ಗುರಿ ಕಾಗದ ಅಂಟಿಸಿ ಹತ್ತು ಮೀಟರ್‌ನಿಂದ ಹೊಡೆಯುತ್ತಾಳೆ. ನಾನು ಪಕ್ಕದಲ್ಲಿ ಇದ್ದರೆ ಮಾತ್ರ. ಗನ್ನು ಬೀರುವಿನಲ್ಲಿ, ಬೀಗದ ಕೈ ನನ್ನ ಹತ್ತಿರ. ಸ್ಪ್ರಿಂಗ್ ಏರ್ ರೈಫಲ್, 0.177 ಬೋರ್, 20 ಜೌಲ್‌ಗಿಂತ ಕಡಿಮೆ ಶಕ್ತಿಯದು. ಇದಕ್ಕೆ ಲೈಸೆನ್ಸ್ ಬೇಕಿಲ್ಲ ಅನ್ನುವುದು ನಿಮಗೆ ಗೊತ್ತು. ಇಂಥ ಸಾಮಾನು ಮಾರುವವರು ನೀವು.

ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪ್‌ಗೆ ಜಾಗವಿಲ್ಲ ಅನ್ನುವುದು ನನಗೂ ಗೊತ್ತು. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಹೊಡೆದದ್ದು ಸ್ಕೋಪ್ ಇಟ್ಟುಕೊಂಡು ಅಲ್ಲ, ಸಣ್ಣ ತೂತಿನ ಪೀಪ್ ಸೈಟ್‌ನಲ್ಲಿ. ಆದರೆ ಅಂಥ ರೈಫಲ್ ಲಕ್ಷದ ಮೇಲಿನ ಮಾತು. ನಮ್ಮ ಅಗ್ಗದ ಗನ್ನಿನಲ್ಲಿ ಇರುವುದು ಹಿಂದೊಂದು ಕಚ್ಚು, ಮುಂದೊಂದು ಮೊಳೆ. ಮಗಳಿಗೆ ಮೈನಸ್ ಕನ್ನಡಕ. ಕಚ್ಚು ಸ್ಪಷ್ಟ ಕಂಡರೆ ಗುರಿ ಮಸುಕು, ಗುರಿ ಕಂಡರೆ ಮೊಳೆ ಮಸುಕು. ಸ್ಕೋಪ್ ಇದ್ದರೆ ಅದರೊಳಗಿನ ಕೂಡುಗೆರೆ, ಗುರಿ ಎರಡೂ ಒಂದೇ ಸಲಕ್ಕೆ ಕಾಣುತ್ತವೆ. ಮೊದಲು ಉಸಿರು ಹಿಡಿಯುವುದು, ಟ್ರಿಗರ್ ಎಳೆಯುವುದು ಕಲಿಯಲಿ ಅಂತ ಯೋಚನೆ ಮಾಡಿದೆ. ಅಷ್ಟೇ.

ನಿಮ್ಮ ಪುಟದಲ್ಲಿ 'ಯಂಗ್ ಹಂಟರ್‌ಗಳಿಗೆ ಬೆಸ್ಟ್ ಬಜೆಟ್ ಸ್ಕೋಪ್, ಏರ್‌ಗನ್‌ಗೂ ಸೂಕ್ತ' ಅಂತ ಇತ್ತು. ಬೆಲೆ 4,290 ರೂಪಾಯಿ. ಬೇಟೆಗಾರರು ಅನ್ನುವ ಮಾತು ಆಗಲೇ ನನಗೆ ಹಿಡಿಸಲಿಲ್ಲ. ಎಲ್ಲೋ ಹೊರದೇಶದ ಜಾಹೀರಾತನ್ನು ಹಾಗೇ ತಂದು ಅಂಟಿಸಿದ್ದಾರೆ ಅಂದುಕೊಂಡೆ. ನನ್ನ ಹೆಂಡತಿ, "ಈ ದುಡ್ಡಲ್ಲಿ ಹೊಸ ಮಿಕ್ಸಿ ಬರ್ತಿತ್ತು" ಅಂದಳು. ಅವಳ ಮಾತು ಕೇಳಬೇಕಿತ್ತು.

ಕೊಳ್ಳುವ ಮೊದಲು ನಿಮಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ್ದೆ. ಹತ್ತು ಮೀಟರ್‌ಗೆ ಆಗುತ್ತಾ? "ಹತ್ತು ಏನ್ ಸರ್, ಐನೂರು ಮೀಟರ್‌ವರೆಗೂ ಕಾಣುತ್ತೆ" ಅಂದರು. ನನಗೆ ಬೇಕಾದದ್ದು ಮನೆಯ ಕಾಂಪೌಂಡ್. ಅವರು ದೇವರಾಯನದುರ್ಗದ ಬೆಟ್ಟ ತೋರಿಸುತ್ತಿದ್ದರು. ಸ್ಕೋಪ್‌ನಲ್ಲಿ ಕಷ್ಟ ಇರುವುದು ಹತ್ತಿರದ್ದರಲ್ಲಿ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಆಗ ನನಗೂ ಗೊತ್ತಿರಲಿಲ್ಲ. ಈಗ ಗೊತ್ತು, ನಿಮ್ಮ ದಯೆಯಿಂದ.

ಪೆಟ್ಟಿಗೆ ಬಂತು. ಮೊದಲ ತೊಂದರೆ ಮೌಂಟ್, ಅಂದರೆ ಸ್ಕೋಪನ್ನು ಗನ್ನಿಗೆ ಕಚ್ಚಿಸುವ ರಿಂಗ್. ಏರ್ ರೈಫಲ್ ಮೇಲಿನ ಹಳಿ ಸಣ್ಣದು, ವರ್ನಿಯರ್ ಹಿಡಿದು ಅಳೆದರೆ 11 ಮಿ.ಮೀ. ಚಿಲ್ಲರೆ. ನೀವು ಕಳಿಸಿದ ರಿಂಗ್ ಅದಕ್ಕಿಂತ ಸುಮಾರು ಎರಡು ಪಟ್ಟು ಅಗಲದ ಹಳಿಗೆ ಮಾಡಿದ್ದು. 'ಏರ್‌ಗನ್‌ಗೂ ಸೂಕ್ತ' ಅಂತ ಬರೆಯುವ ಮೊದಲು ಯಾರಾದರೂ ಒಂದು ಏರ್‌ಗನ್ ಮೇಲೆ ಇಟ್ಟು ನೋಡಿದ್ದರಾ? ಇದಕ್ಕೆ ನಾನು ಜಗಳ ಆಡಲಿಲ್ಲ. ಬೆಂಗಳೂರಿನಿಂದ 650 ರೂಪಾಯಿ ಕೊಟ್ಟು ಸರಿಯಾದ ಮೌಂಟ್ ತಂದೆ. ಇದನ್ನು ಮುಚ್ಚಿಡದೆ ನಿಮ್ಮವರಿಗೆ ಹೇಳಿದ್ದೂ ನಾನೇ.

ಆಮೇಲೆ ಮಗಳು ನೋಡಿದಳು. "ಅಪ್ಪಾ, ಮಂಜು ಬಿದ್ದ ಹಾಗಿದೆ" ಅಂದಳು. ಮೂರು ಪಟ್ಟಿನಲ್ಲಿ ಹೇಗೋ ಕಾಣುತ್ತದೆ. ಒಂಬತ್ತಕ್ಕೆ ತಿರುಗಿಸಿದರೆ ಗುರಿ ಕಾಗದದ ವೃತ್ತಗಳೆಲ್ಲ ಕಲಸಿ ಒಂದೇ ಕಪ್ಪು ಮುದ್ದೆ. ಗನ್ನನ್ನು ಮರಳಿನ ಚೀಲದ ಮೇಲೆ ಅಲುಗಾಡದಂತೆ ಕೂರಿಸಿ, ಕೈ ಬಿಟ್ಟು, ತಲೆ ಮಾತ್ರ ಆ ಕಡೆ ಈ ಕಡೆ ಆಡಿಸಿ ನೋಡಿದೆ. ಕೂಡುಗೆರೆ ಗುರಿಯ ಮೇಲೆ ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟು ಓಡಾಡಿತು. ಗನ್ನು ಅಲ್ಲೇ ಇದೆ, ಗುರಿ ಅಲ್ಲೇ ಇದೆ, ಗೆರೆ ಮಾತ್ರ ವಾಕಿಂಗ್ ಹೋಗಿದೆ.

ಇದಕ್ಕೆ ಪ್ಯಾರಲಾಕ್ಸ್ ಅನ್ನುತ್ತಾರೆ. ನಿಮ್ಮ ಸ್ಕೋಪ್‌ನಲ್ಲಿ ಅದನ್ನು 100 ಗಜಕ್ಕೆ ಕೂರಿಸಿ ಬಿಟ್ಟಿದ್ದಾರೆ, ಬದಲಾಯಿಸಲು ತಿರುಪೇ ಇಲ್ಲ. ದೂರ ಹೊಡೆಯುವ ಮದ್ದಿನ ಬಂದೂಕಿಗೆ ಅದು ಸರಿ. ಹತ್ತು ಮೀಟರ್‌ನ ಗನ್ನಿಗೆ ಬೇಕಾದದ್ದು ಮುಂದಿನ ಗಾಜಿನ ಸುತ್ತ ತಿರುಗುವ ರಿಂಗ್ ಇರುವ ಸ್ಕೋಪ್, ಹತ್ತು ಗಜಕ್ಕೂ ಫೋಕಸ್ ಆಗುವಂಥದ್ದು. ಹತ್ತಿರದ ಗುರಿಗೆ ಗಾಜು ದೊಡ್ಡದಾದಷ್ಟೂ ಈ ಓಡಾಟ ಜಾಸ್ತಿ. 40ರ ಬದಲು 32 ಮಿ.ಮೀ. ಗಾಜಿನದು ಕೊಟ್ಟಿದ್ದರೂ ಸ್ವಲ್ಪ ವಾಸಿ ಇತ್ತು, ಬೆಲೆಯೂ ಕಡಿಮೆ ಇರುತ್ತಿತ್ತು. ಇದೆಲ್ಲ ಹೇಳಬೇಕಾದದ್ದು ಮಾರುವವರು. ಲೇತ್ ಆಡಿಸುವವನು ರಾತ್ರಿ ಹನ್ನೊಂದಕ್ಕೆ ಕೂತು ಓದಿ ತಿಳಿದುಕೊಳ್ಳಬೇಕಾಯಿತು.

ಮೂರನೆಯದು ಇನ್ನೂ ಚೆನ್ನಾಗಿದೆ. ಸ್ಕೋಪ್ ಮೇಲಿನ ತಿರುಪಿನ ಒಂದು ಕ್ಲಿಕ್ ಅಂದರೆ 100 ಗಜಕ್ಕೆ ಕಾಲು ಇಂಚು. ಹತ್ತು ಮೀಟರ್‌ಗೆ ಮುಕ್ಕಾಲು ಮಿಲಿಮೀಟರ್ ಕೂಡ ಇಲ್ಲ. ಮಗಳು ನಲವತ್ತು ಕ್ಲಿಕ್ ಮೇಲೆ ತಿರುಗಿಸಿದಳು, ನಲವತ್ತು ಕೆಳಗೆ ತಿರುಗಿಸಿದಳು. ಗುಂಡು ಮೊದಲು ಬಿದ್ದ ಜಾಗದಲ್ಲಿ ಮತ್ತೆ ಬೀಳಲಿಲ್ಲ. ನನ್ನ ಲೇತಿನ ಕ್ರಾಸ್ ಸ್ಲೈಡ್ ನನ್ನ ಮಗಳಿಗಿಂತ ವಯಸ್ಸಾದದ್ದು, ಅದರಲ್ಲೂ ಇಷ್ಟು ಬ್ಯಾಕ್‌ಲ್ಯಾಶ್, ಅಂದರೆ ತಿರುಪಿನ ಸಡಿಲ, ಇಲ್ಲ. ಐದನೇ ದಿನಕ್ಕೆ ಒಳಗಿನ ಕೂಡುಗೆರೆಯೇ ವಾಲಿತು. ಅಲ್ಲಾಡಿಸಿದರೆ ಗೆಜ್ಜೆ ಸದ್ದು. ಸ್ಪ್ರಿಂಗ್ ಗನ್ ಮೊದಲು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಕೊನೆಗೆ ಬಡಿದಾಗ ಮುಂದಕ್ಕೂ ಜಗ್ಗುತ್ತದೆ. ಒಂದೇ ಕಡೆಯ ಒದೆತಕ್ಕೆ ಮಾಡಿದ ಸ್ಕೋಪ್ ಇದನ್ನು ತಡೆಯುವುದಿಲ್ಲ. ಹಾಗಾದರೆ 'ಏರ್‌ಗನ್‌ಗೂ ಸೂಕ್ತ' ಅಂತ ಬರೆದವರು ಯಾರು ಸ್ವಾಮಿ?

ಇಲ್ಲಿಯವರೆಗೂ ನನಗೆ ಸಿಟ್ಟು ಇರಲಿಲ್ಲ. ಸಾಮಾನು ಕೆಡುತ್ತದೆ. ನಾನು ಮಾಡಿಕೊಟ್ಟ ಬುಷ್‌ಗಳೂ ವಾಪಸ್ ಬಂದಿವೆ, ಬೇರೆ ಮಾಡಿಕೊಟ್ಟಿದ್ದೇನೆ. ಈ ಪತ್ರ ಬರೆಸಿದ್ದು ನನ್ನ ಎಂಟನೇ ಫೋನ್.

ಅವತ್ತು ಶನಿವಾರ. ಹನ್ನೊಂದೂ ಕಾಲಿಗೆ ಕರೆಂಟ್ ಹೋಯಿತು. ಮೆಷಿನ್ ನಿಂತವು, ನನ್ನ ಮೂವರು ಹುಡುಗರು ಸುಮ್ನೆ ಕೂತರು. ಮಗಳು ಶಾಲೆ ಮುಗಿಸಿ ನನಗೆ ಊಟದ ಕ್ಯಾರಿಯರ್ ತಂದಿದ್ದಳು. ನನ್ನ ಕೈ ತುಂಬ ಗ್ರೀಸ್. ಅದಕ್ಕೆ ಫೋನನ್ನು ಬೆಂಚಿನ ಮೇಲಿಟ್ಟು ಸ್ಪೀಕರ್ ಹಾಕಿದೆ. ಅದೇ ನಾನು ಮಾಡಿದ ತಪ್ಪು. ಕನ್ನಡಕ್ಕೆ ನಾಲ್ಕು ಒತ್ತಿ ಅಂದಿತು, ಒತ್ತಿದೆ. ಹದಿನಾಲ್ಕು ನಿಮಿಷ ಕೊಳಲು ಕೇಳಿಸಿದಿರಿ. ಆಮೇಲೆ ಒಬ್ಬ ಹುಡುಗ ಬಂದ. ದನಿ ಬಹಳ ಮೃದು.

"ಸರ್, ಯಾವ ಪ್ರಾಣಿಗೆ ಹೊಡೆಯುವಾಗ ಬ್ಲರ್ ಆಗ್ತಿದೆ?"

"ಪ್ರಾಣಿ ಇಲ್ಲಪ್ಪ. ಪೇಪರ್."

"ಪೇಪರ್ ಅಂದ್ರೆ ಸರ್?"

"ಕಾಗದ. ಗುರಿ ಕಾಗದ."

ಕೀಬೋರ್ಡ್ ಸದ್ದು. "ಸರ್, ಸಿಸ್ಟಂನಲ್ಲಿ ಪೇಪರ್ ಇಲ್ಲ. ಹಂದಿ, ಮೊಲ, ಪಕ್ಷಿ, ಇತರೆ ಅಂತ ಇದೆ. ಇತರೆ ಹಾಕ್ಲಾ?"

ನನ್ನ ಹುಡುಗರಲ್ಲಿ ಒಬ್ಬ ಕಿಸಕ್ ಅಂದ. ಬೇಗ ಮುಗಿಯಲಿ ಅಂತ "ಹಾಕಪ್ಪ" ಅಂದೆ. ಈ ಎರಡನೇ ತಪ್ಪಿನ ಬೆಲೆ ಮುಂದೆ ಬರುತ್ತದೆ.

"ಎಷ್ಟು ದೂರ ಸರ್?"

"ಹತ್ತು ಮೀಟರ್."

"ಅಷ್ಟು ಹತ್ತಿರ ಇದ್ರೆ ಸ್ಕೋಪ್ ಯಾಕೆ ಸರ್? ಕಲ್ಲಲ್ಲೇ ಹೊಡೀಬಹುದಲ್ವಾ?"

ಈ ಸಲ ಮೂವರೂ ನಕ್ಕರು. ನಾನೂ ನಗುವವನ ಹಾಗೆ ಮಾಡಿದೆ. ಆಮೇಲೆ ಅವನು ಬಳಸುವವರು ಯಾರು ಅಂತ ಕೇಳಿದ. ನನ್ನ ಮಗಳು ಅಂದೆ. "ಮಗಳಾ ಸರ್?" ಅಂದ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮೇಡಂ ಕನ್ನಡಕ ಹಾಕ್ತಾರಾ ಸರ್?"

"ಹಾಕ್ತಾಳೆ."

"ಹಾಗಾದ್ರೆ ಪ್ರಾಡಕ್ಟ್ ಸರಿ ಇದೆ ಸರ್. ಒಂದ್ಸಲ ಕಣ್ಣು ಚೆಕ್ ಮಾಡ್ಸಿ."

ನಾನು ಪ್ಯಾರಲಾಕ್ಸ್ ಅಂದೆ. ಅವನು "ಹೌದು ಸರ್, ಅದೂ ಡಾಕ್ಟರ್ ನೋಡ್ತಾರೆ" ಅಂದ. ನನ್ನ ಕಣ್ಣಿಗೂ ಹಾಗೇ ಕಾಣುತ್ತದೆ, ಇಲ್ಲಿರುವ ಮೂವರು ಹುಡುಗರಿಗೂ ಹಾಗೇ ಕಾಣುತ್ತದೆ ಅಂದೆ. "ಅವರೂ ಚೆಕ್ ಮಾಡಿಸಬಹುದು ಸರ್." ಕೊನೆಗೆ ದನಿ ತಗ್ಗಿಸಿ, ಏನೋ ಉಪಕಾರ ಮಾಡುವವನ ಹಾಗೆ ಹೇಳಿದ. "ಹೆಣ್ಮಕ್ಕಳಿಗೆ ಇದೆಲ್ಲ ಭಾರ ಸರ್. ನಮ್ಮಲ್ಲಿ ಬ್ಯಾಡ್ಮಿಂಟನ್ ರಾಕೆಟ್ ಇದೆ. ನೂರು ರೂಪಾಯಿ ಕೂಪನ್ ಕಳಿಸ್ಲಾ?"

ಮಗಳು ಕನ್ನಡಕ ತೆಗೆದು ಯೂನಿಫಾರಂ ದುಪಟ್ಟಾದಲ್ಲಿ ಒರೆಸಿಕೊಂಡಳು. ಅದು ಒರೆಸುವಷ್ಟು ಕೊಳೆ ಆಗಿರಲಿಲ್ಲ. ಕ್ಯಾರಿಯರ್ ಬೆಂಚಿನ ಮೇಲಿಟ್ಟು, "ಬಿಡಪ್ಪಾ, ಹೋಗ್ಲಿ" ಅಂದು ಹೊರಟಳು. ಅವತ್ತಿನಿಂದ ಗನ್ನು ಬೀರುವಿನಿಂದ ಹೊರಗೆ ಬಂದಿಲ್ಲ. ಅವಳು ಕೇಳಿಲ್ಲ.

ಕೂಪನ್ ಮಾತ್ರ ಐದೇ ನಿಮಿಷಕ್ಕೆ ಬಂತು. ನಿಮ್ಮ ಕಂಪನಿ ಇಷ್ಟು ಚುರುಕು ಅಂತ ನನಗೆ ಗೊತ್ತಿರಲಿಲ್ಲ.

ಎರಡು ದಿನ ಬಿಟ್ಟು ಇಮೇಲ್. 'ಸರಕನ್ನು ಬೇಟೆಗೆ ಬಳಸಿರುವುದರಿಂದ ಮತ್ತು ಹೊರಗಿನ ಮೌಂಟ್ ಹಾಕಿರುವುದರಿಂದ ವಾಪಸಾತಿ ಇಲ್ಲ.' ಬೇಟೆ! ಆ 'ಇತರೆ' ಅಲ್ಲಿಗೆ ಹೋಗಿ ಕೂತಿದೆ. ಇದಕ್ಕೆ ವಿವರಣೆ ಕೇಳಲು ಒಂಬತ್ತನೇ ಫೋನ್ ಮಾಡಿದೆ. ಕೊಳಲು ಮುಗಿಯುವ ಮೊದಲೇ ಕಟ್ ಆಯಿತು. ಯಂಗ್ ಹಂಟರ್‌ಗಳಿಗೆ ಅಂತ ಮಾರಿದವರು ನೀವು, ಹಂಟಿಂಗ್ ಮಾಡಿದ್ದೀಯ ಅಂತ ತಳ್ಳಿಹಾಕಿದವರೂ ನೀವು. ಛತ್ರಿ ಮಾರಿ, ಮಳೆಯಲ್ಲಿ ಹಿಡಿದಿದ್ದೀಯ ಅದಕ್ಕೆ ಗ್ಯಾರಂಟಿ ಇಲ್ಲ ಅಂದ ಹಾಗಾಯಿತು.

ಈ ಒಂದು ಸಾಲು ನಿಮಗೆ ತಮಾಷೆ ಇರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅನ್ನುವುದು ಜೈಲಿನ ವಿಷಯ. ನಮ್ಮ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳ ಮೀಸಲು ಪ್ರದೇಶವೇ ಇದೆ. ನಮ್ಮ ಮನೆ ಹಿಂದೆ ನವಿಲು ಬರುತ್ತವೆ, ನವಿಲು ಬಂದರೆ ಮಗಳು ಗನ್ನು ಕೆಳಗಿಟ್ಟು ಫೋಟೋ ತೆಗೆಯುತ್ತಾಳೆ. ಇಂಥ ಊರಿನಲ್ಲಿ ಇರುವವನ ಹೆಸರಿನ ಮುಂದೆ ಬೇಟೆ ಅಂತ ಬರೆದು, ಅದನ್ನು ಕಂಪನಿಯ ಇಮೇಲ್‌ನಲ್ಲಿ ಕಳಿಸಿದ್ದೀರಿ. ಇದು ನಾಳೆ ಅರಣ್ಯ ಇಲಾಖೆಯವರ ಕೈಗೆ ಸಿಕ್ಕರೆ ಅವರಿಗೂ ಕೂಪನ್ ಕಳಿಸುತ್ತೀರಾ?

ಮೌಂಟ್ ವಿಷಯಕ್ಕೆ, ನಿಮ್ಮದೇ ವಾಪಸಾತಿ ನಿಯಮದ ಏಳನೇ ಸಾಲು ನೋಡಿಕೊಳ್ಳಿ. ಅಲ್ಲಿ ಏನಿದೆ ಅಂತ ನಾನು ಹೇಳುವುದಿಲ್ಲ. ಬರೆದವರು ನೀವು.

2020ರ ಇ-ಕಾಮರ್ಸ್ ನಿಯಮಗಳೂ ನಿಮಗೆ ಗೊತ್ತಿರುತ್ತವೆ. ದೂರು ಬಂದ 48 ಗಂಟೆಯೊಳಗೆ ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ನನ್ನ ಮೊದಲ ಇಮೇಲ್‌ಗೆ ಇವತ್ತಿಗೆ ನಲವತ್ತೊಂದು ದಿನ. ಲೆಕ್ಕ ನೀವೇ ಹಾಕಿ.

4,290 ರೂಪಾಯಿ ವಾಪಸ್ ಕೊಡಿ ಅಂತ ಕೇಳಲು ಈ ಪತ್ರ ಶುರು ಮಾಡಿದೆ. ಬರೆಯುತ್ತಾ ಬರೆಯುತ್ತಾ ಮನಸ್ಸು ಬದಲಾಯಿತು. ಬರೀ ದುಡ್ಡು ಕಳಿಸಿದರೆ ನಾನು ಸುಮ್ಮನಾಗುವುದಿಲ್ಲ. ಆ 'ಬೇಟೆ' ಅನ್ನುವ ಪದ ನಿಮ್ಮ ಸಿಸ್ಟಂನಿಂದ ಹೋಗಬೇಕು, ಹೋಗಿದೆ ಅಂತ ಕಾಗದದಲ್ಲಿ ಬರೆದು ಕಳಿಸಬೇಕು. ಮಗಳ ಕಣ್ಣಿನ ವಿಷಯಕ್ಕೆ ಅವಳ ಹೆಸರಿಗೇ ಬೇರೆ ಪತ್ರ ಬರಬೇಕು. ಹದಿನೈದು ದಿನ ಕೊಡುತ್ತೇನೆ.

ಬರದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗ ನನ್ನ ವರ್ಕ್‌ಶಾಪಿನಿಂದ ದೂರ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಗ್ರಾಹಕ ತಾನು ಇರುವ ಊರಿನಲ್ಲೇ ಕೇಸ್ ಹಾಕಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ವಕೀಲರೂ ಬೇಡ, ನಾನೇ ವಾದ ಮಾಡುತ್ತೇನೆ. ಬರಬೇಕಾದವರು ನೀವು, ಪ್ರತಿ ತಾರೀಕಿಗೂ, ಬಸ್ಸೋ ಕಾರೋ ಹಿಡಿದು. ನನಗೆ ಅವಸರ ಇಲ್ಲ. ಸ್ಕೋಪನ್ನು ಬೆಂಚ್ ವೈಸ್‌ಗೆ ಕಚ್ಚಿಸಿ ಇಟ್ಟಿದ್ದೇನೆ, ಹತ್ತು ಮೀಟರ್ ದೂರದ ಗೋಡೆಗೆ ಗುರಿ ಕಾಗದ ಅಂಟಿಸಿದ್ದೇನೆ. ವೈಸ್ ಸಮೇತ ಬಿಚ್ಚಿ ತಂದು ಆಯೋಗದ ಮೇಜಿನ ಮೇಲೆ ಇಡುತ್ತೇನೆ. ಅಧ್ಯಕ್ಷರು, ಸದಸ್ಯರು ಒಬ್ಬೊಬ್ಬರಾಗಿ ಕಣ್ಣಿಟ್ಟು ನೋಡಲಿ. ಅವರಿಗೂ ಮಸುಕಾಗಿ ಕಂಡರೆ, ಕಣ್ಣು ಚೆಕ್ ಮಾಡಿಸಿ ಅಂತ ಹೇಳಲು ಆ ಮೃದು ದನಿಯ ಹುಡುಗನನ್ನೇ ಕಳಿಸಿಕೊಡಿ. ಬರುವಾಗ ರಾಕೆಟ್ ತರಲಿ, ಕೂಪನ್ ನಾನು ಇಟ್ಟುಕೊಂಡಿದ್ದೇನೆ.

ಇಂತಿ,
ಕನ್ನಡಕ ಹಾಕುವ ಹುಡುಗಿಯ ಅಪ್ಪ

ಲಗತ್ತು: ಬಿಲ್ಲು, ಮೌಂಟಿನ ಬಿಲ್ಲು, ವರ್ನಿಯರ್ ಹಿಡಿದ ಫೋಟೋ ಎರಡು, ನಿಮ್ಮ ಇಮೇಲ್, ಕಳೆದ ವಾರ ಮಾಡಿಸಿದ ಮಗಳ ಕಣ್ಣಿನ ಪರೀಕ್ಷೆಯ ಚೀಟಿ (ನಂಬರ್ ಬದಲಾಗಿಲ್ಲ, ಫೀಸು 200 ರೂಪಾಯಿ, ಅದನ್ನೂ ಸೇರಿಸಿಕೊಳ್ಳಿ).