ಸೂರ್ಯನಿಲ್ಲದ ಗ್ರಹದಲ್ಲಿ ಜೀವ: ಪ್ರಶ್ನೆ ಒಂದಲ್ಲ, ಎರಡು

ಮಾನ್ಯ ಸಂಪಾದಕರೇ,

ಸೂರ್ಯನ ಬೆಳಕೇ ಬೀಳದ, ಕಡುಚಳಿಯ ಗ್ರಹಗಳಲ್ಲಿ ಜೀವದ ಮಾತೇ ಬೇಡವೆಂದು ತಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ಬರೆದಿದ್ದಾರೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನಾನೂ ‘ಸಕಲ ಜೀವಿಗಳಿಗೂ ಸೂರ್ಯನೇ ಆಧಾರ’ ಎಂದು ಮಕ್ಕಳಿಂದ ಬರೆಸಿದವನು. ಆ ವಾಕ್ಯ ಪೂರ್ತಿ ನಿಜವಲ್ಲ ಎಂಬುದು ಈಗ ಗೊತ್ತಾಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ತಂದೆ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು. ಮಾಗಿಯ ಬೆಳಗಿನಲ್ಲಿ ಕಂಬಳಿ ಹೊದ್ದು ಮನೆ ಬಿಡುತ್ತಿದ್ದ ಅವರು ಕೆಳಗಿಳಿದ ಮೇಲೆ ಅಂಗಿ ಕಳಚಿಟ್ಟು ಕೆಲಸ ಮಾಡಬೇಕಾಗುತ್ತಿತ್ತು. ಅಲ್ಲಿ ಬಂಡೆಯ ಮೇಲೆ ಅಂಗೈ ಇಟ್ಟರೆ ಬಿಸಿ ಕಾವಲಿಯ ಅಂಚು ಮುಟ್ಟಿದಂತಾಗುತ್ತದೆ, ತಂಪು ಮಾಡಿದ ಗಾಳಿಯನ್ನು ಮೇಲಿನಿಂದ ಕಳಿಸದಿದ್ದರೆ ನಿಲ್ಲಲಾಗದು ಎನ್ನುತ್ತಿದ್ದರು. 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿದ್ದ ಆ ಗಣಿಯ ಕಾವು ಸೂರ್ಯನದಲ್ಲ. ಭೂಮಿ ಹುಟ್ಟಿದಾಗ ಒಳಗೆ ಉಳಿದ ಶಾಖದ ಜೊತೆಗೆ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣದಿಂದ ಇಂದಿಗೂ ಹುಟ್ಟುತ್ತಿರುವ ಶಾಖ ಅದು.

ಯಾವ ನಕ್ಷತ್ರದ ಹಂಗೂ ಇಲ್ಲದೆ, ಮೈನಸ್ 270 ಡಿಗ್ರಿ ಸೆಲ್ಸಿಯಸ್ ಚಳಿಯ ಬಯಲಿನಲ್ಲಿ ಅಲೆಯುವ ಗ್ರಹಗಳಿಗೂ ಇಂಥ ಒಳಗಾವು ಇರಲೇಬೇಕು. ಅಮೆರಿಕದ ಗ್ರಹವಿಜ್ಞಾನಿ ಡೇವಿಡ್ ಸ್ಟೀವನ್ಸನ್ 1999ರಲ್ಲಿ ಇದೇ ಜಾಡು ಹಿಡಿದು, ಅಂಥ ಗ್ರಹಕ್ಕೆ ಹೈಡ್ರೋಜನ್ನಿನ ದಟ್ಟ ವಾಯುಮಂಡಲವಿದ್ದರೆ ಶಾಖ ಹೊರಹೋಗದೆ ನೆಲದ ಮೇಲೆಯೇ ನೀರು ದ್ರವವಾಗಿ ಉಳಿಯಬಹುದೆಂದು ತೋರಿಸಿದರು. ವಾಯುಮಂಡಲ ಇಲ್ಲದಿದ್ದರೂ, ಭೂಮಿಯ ಮೂರೂವರೆ ಪಟ್ಟು ತೂಕದ ಗ್ರಹವಾದರೆ ಕಿಲೋಮೀಟರ್‌ಗಟ್ಟಲೆ ಹಿಮವೇ ಹೊದಿಕೆಯಾಗಿ ಅದರಡಿ ಸಾಗರ ಹೆಪ್ಪುಗಟ್ಟದೆ ಉಳಿಯಬಹುದೆಂದು 2011ರ ಇನ್ನೊಂದು ಲೆಕ್ಕಾಚಾರ ಹೇಳಿತು.

ನೀರು ಸಿಕ್ಕಿತು, ಅನ್ನ ಎಲ್ಲಿಂದ? ಇಲ್ಲಿ ಹಲವರು 1977ರಲ್ಲಿ ಶಾಂತಸಾಗರದ ಗಲಪಗೋಸ್ ದ್ವೀಪಗಳ ಬಳಿ, ಕಡಲಿನ ಎರಡೂವರೆ ಕಿಲೋಮೀಟರ್ ಆಳದ ಬಿಸಿನೀರಿನ ಚಿಲುಮೆಗಳ ಸುತ್ತ ಕಂಡ ಜೀವಿಗಳ ಉದಾಹರಣೆ ಕೊಡುತ್ತಾರೆ. ಆದರೆ ಅಲ್ಲಿನ ಕೊಳವೆ ಹುಳುಗಳನ್ನು ಸಾಕುವ ಬ್ಯಾಕ್ಟೀರಿಯಾಗಳಿಗೆ ನೀರಿನಲ್ಲಿ ಕರಗಿದ ಆಮ್ಲಜನಕ ಬೇಕು, ಅದು ಬಂದಿರುವುದು ಮೇಲಿನ ಹಸಿರಿನಿಂದ, ಅಂದರೆ ಸೂರ್ಯನಿಂದಲೇ. ದಕ್ಷಿಣ ಆಫ್ರಿಕಾದ ಎಂಪೊನೆಂಗ್ ಚಿನ್ನದ ಗಣಿಯ ಸಾಕ್ಷಿ ಇದಕ್ಕಿಂತ ಗಟ್ಟಿಯಾದದ್ದು. ಅಲ್ಲಿ 2.8 ಕಿಲೋಮೀಟರ್ ಆಳದ ಬಂಡೆಯ ಬಿರುಕಿನ ನೀರಿನಲ್ಲಿ ಹೆಚ್ಚುಕಡಿಮೆ ಒಂಟಿಯಾಗಿಯೇ ಬದುಕುವ ಒಂದು ಬ್ಯಾಕ್ಟೀರಿಯಾದ ಜೀನೋಮ್ (ಅದರ ವಂಶವಾಹಿಗಳ ಪೂರ್ಣ ವಿವರ) 2008ರಲ್ಲಿ ಪ್ರಕಟವಾಯಿತು. ಯುರೇನಿಯಂನ ವಿಕಿರಣ ನೀರಿನ ಅಣುವನ್ನು ಒಡೆದಾಗ ಬಿಡುಗಡೆಯಾಗುವ ಹೈಡ್ರೋಜನ್ ಮತ್ತು ಬಂಡೆಯ ಸಲ್ಫೇಟ್ ಎಂಬ ಗಂಧಕದ ಲವಣ ಇದ್ದರೆ ಅದಕ್ಕೆ ಸಾಕು. ಸೂರ್ಯನಿಲ್ಲದೆ ಜೀವ ಬಾಳಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪುರಾವೆ ನನಗೆ ಗೊತ್ತಿಲ್ಲ.

ಬಾಳುವುದು ಬೇರೆ, ಹುಟ್ಟುವುದು ಬೇರೆ. ಆ ಓದುಗರು ಇವೆರಡನ್ನೂ ಒಂದೇ ಮಾಡಿದ್ದಾರೆ ಎಂಬುದು ನನ್ನ ಮುಖ್ಯ ಆಕ್ಷೇಪ. ಜೀವ ಮೊದಲು ಕಡಲಾಳದ ಚಿಲುಮೆಗಳಲ್ಲಿ ಮೊಳೆಯಿತೆಂಬ ವಾದ ನಿಜವಾದರೆ ಕತ್ತಲ ಗ್ರಹದಲ್ಲೂ ಅದು ಮೊಳೆತೀತು. ಬಿಸಿಲಿಗೆ ಒಣಗಿ ಮತ್ತೆ ನೆನೆಯುವ ಹೊಂಡಗಳಲ್ಲಿ, ಅತಿನೇರಳೆ ಕಿರಣಗಳ ನೆರವಿನಿಂದ ಹುಟ್ಟಿತೆಂಬ ಎದುರುವಾದ ನಿಜವಾದರೆ ಅಲ್ಲಿ ಹುಟ್ಟಲಾರದು. ಆಗಲೂ ಒಂದು ದಾರಿ ಉಳಿಯುತ್ತದೆ. ಅಲೆಮಾರಿ ಗ್ರಹಗಳಲ್ಲಿ ಅನೇಕವು ಮೊದಲು ಯಾವುದೋ ನಕ್ಷತ್ರದ ಸುತ್ತ ಹುಟ್ಟಿ, ದೊಡ್ಡ ಗ್ರಹಗಳ ಸೆಳೆತಕ್ಕೆ ಸಿಕ್ಕಿ ಹೊರಗೆಸೆಯಲ್ಪಟ್ಟವು ಎಂದು ತಿಳಿಯಲಾಗಿದೆ. ಬೆಳಕಿದ್ದ ಬಾಲ್ಯದಲ್ಲಿ ಹುಟ್ಟಿದ ಜೀವ ಬಂಡೆಯೊಳಗೆ ಇಳಿದು ಗ್ರಹದ ಜೊತೆಗೇ ಕತ್ತಲಿಗೆ ಹೋಗಿರಬಹುದು.

ಹಾಗೆಂದು ಅಲ್ಲಿ ಕಾಡುಗಳನ್ನೂ ಪ್ರಾಣಿಗಳನ್ನೂ ಕಲ್ಪಿಸಿಕೊಳ್ಳಬಾರದು. ಭೂಮಿಯ ಒಳಗಿನಿಂದ ಹೊರಬರುವ ಶಾಖ ಸೂರ್ಯನಿಂದ ಬರುವುದರ ಸುಮಾರು ನಾಲ್ಕು ಸಾವಿರದಲ್ಲಿ ಒಂದು ಪಾಲು ಮಾತ್ರ. ಅಷ್ಟು ಸಣ್ಣ ಆದಾಯದಲ್ಲಿ ನಡೆಯುವ ಸಂಸಾರ ಸೂಕ್ಷ್ಮಜೀವಿಗಳದ್ದೇ, ಅದೂ ಬಹಳ ನಿಧಾನದ್ದು.

ಅಲೆಮಾರಿ ಗ್ರಹಗಳು ನಮ್ಮ ಕೈಗೆಟಕುವುದಿಲ್ಲ. ಹಿಮದಡಿ ಸಾಗರವಿದೆಯೆಂದು ನಂಬಲಾಗಿರುವ ಗುರುಗ್ರಹದ ಯುರೋಪಾ ಚಂದ್ರನತ್ತ 2024ರ ಅಕ್ಟೋಬರಿನಲ್ಲಿ ಹೊರಟ ನಾಸಾದ ಕ್ಲಿಪ್ಪರ್ ನೌಕೆ 2030ಕ್ಕೆ ಗುರುವನ್ನು ತಲುಪಲಿದೆ. ಅದಕ್ಕೂ ಮೊದಲು ನಮ್ಮ ನೆಲದಲ್ಲೇ ಆಗಬೇಕಾದ ಕೆಲಸವಿದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿ, ಒಳಗೆ ನೀರು ತುಂಬಿದೆ. ಮತ್ತೆ ಇಳಿಯುವುದು ಸುಲಭವಲ್ಲ. ಆದರೆ ಮಹಾರಾಷ್ಟ್ರದ ಕೊಯ್ನಾ ಬಳಿ ಭೂಕಂಪದ ಅಧ್ಯಯನಕ್ಕೆಂದು 3 ಕಿಲೋಮೀಟರ್ ಆಳ ಕೊರೆದಾಗ ಬಂಡೆಯೊಳಗಿನ ಸೂಕ್ಷ್ಮಜೀವಿಗಳನ್ನೂ ನಮ್ಮವರೇ ಪರೀಕ್ಷಿಸಿದ್ದಾರೆ. ಸುಮಾರು 270 ಕೋಟಿ ವರ್ಷ ಹಳೆಯ ಕೋಲಾರದ ಬಂಡೆಯಲ್ಲೂ, ಗಣಿಯ ನೀರು ಬೆರೆಯದಷ್ಟು ದೂರದಲ್ಲಿ, ಅಂಥದೊಂದು ಕೊಳವೆ ಕೊರೆದು ಒಳಗೆ ಏನು ಬದುಕಿದೆಯೆಂದು ನೋಡುವಂತೆ ರಾಜ್ಯದ ವಿಜ್ಞಾನ ಸಂಸ್ಥೆಗಳನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕ, ಬಂಗಾರಪೇಟೆ