ದೊಡ್ಡವ್ವನ ಸೂಜಿಗೆ ದಾರ ಪೋಣಿಸಿದವರಿಗೆ

ನಮ್ಮ ದೊಡ್ಡವ್ವ ಲಿಂಗೈಕ್ಯಳಾಗಿ ಒಂದು ತಿಂಗಳಾಯಿತು. ಮಣ್ಣಿಗೆ ಬಂದವರು, ಶಿವಗಣಾರಾಧನೆಯ ದಿನ ಪಂಕ್ತಿಗೆ ಬಡಿಸಲು ತಾವಾಗಿಯೇ ನಿಂತವರು, ದೂರದ ಊರುಗಳಿಂದ ಫೋನು ಮಾಡಿ ಮಾತು ಮುಗಿಸಲಾಗದೆ ಇಟ್ಟುಬಿಟ್ಟವರು, ಇವರಿಗೆಲ್ಲ ಒಬ್ಬೊಬ್ಬರಾಗಿ ಉತ್ತರ ಬರೆಯಬೇಕೆಂದು ಕುಳಿತರೆ ಪಟ್ಟಿಯೇ ಮುಗಿಯಲಿಲ್ಲ. ಆದ್ದರಿಂದ ಮನೆಯವರೆಲ್ಲರ ಪರವಾಗಿ ಈ ಬರಹದಲ್ಲಿಯೇ ಕೃತಜ್ಞತೆ ಸಲ್ಲಿಸುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ, ಒಬ್ಬರ ಹೆಸರು ಬಿಟ್ಟುಹೋಗಿದ್ದರೂ ಅವರಿಗಿಂತ ಮೊದಲು ದೊಡ್ಡವ್ವನಿಗೇ ಸಿಟ್ಟು ಬರುತ್ತಿತ್ತು. ಅವಳನ್ನು ಏಕವಚನದಲ್ಲಿ ಕರೆದೇ ಬೆಳೆದವನು ನಾನು. ಇಲ್ಲಿಯೂ ಹಾಗೆಯೇ ಬರೆದರೆ ಯಾರೂ ತಪ್ಪು ತಿಳಿಯಬಾರದು.

ಅವಳಿಗೆ 84 ವರ್ಷ. ಅವಳ 31ನೇ ವಯಸ್ಸಿಗೆ ದೊಡ್ಡಪ್ಪ ತೀರಿಕೊಂಡ ಮೇಲೆ, ಸ್ವಂತ ಮಕ್ಕಳಿಲ್ಲದ ಅವಳು ತವರಿಗೆ ಮರಳಬಹುದು ಎಂದುಕೊಂಡಿದ್ದವರೇ ಹೆಚ್ಚು. ಅವಳು ಧಾರವಾಡ ಬಿಡಲಿಲ್ಲ. ತನ್ನ ಅಜ್ಜಿಯಿಂದ ಹಳೆಯ ಸೀರೆಯ ತುಂಡಿನ ಮೇಲೆ ಕಲಿತಿದ್ದ ಕಸೂತಿಯನ್ನೇ ಕಸುಬು ಮಾಡಿಕೊಂಡಳು. ನನ್ನ ಮತ್ತು ನನ್ನ ತಂಗಿಯ ಶಾಲೆಯ ಫೀಜು ಎಷ್ಟೋ ವರ್ಷ ಇಳಕಲ್ಲ ಸೀರೆಗಳ ಸೆರಗಿನಿಂದಲೇ ಬಂತು.

ಕಸೂತಿಯ ಬಗ್ಗೆ ಬಲ್ಲವರಿಗೆ ಹೇಳಬೇಕಿಲ್ಲ, ಆದರೆ ಹೊಸಬರಿಗಾಗಿ ಇಷ್ಟು ಹೇಳಲೇಬೇಕು. ಇದರಲ್ಲಿ ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದರಂತೆ ಹೊಲಿಗೆ ಹಾಕುತ್ತ ಹೋಗಿ, ಅದೇ ದಾರಿಯಲ್ಲಿ ಮರಳುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಬರುತ್ತದೆ. ಹೀಗಾಗಿ ಬಟ್ಟೆಯ ಎರಡೂ ಮೈ ಒಂದೇ ತೆರನಾಗಿ ಕಾಣುತ್ತವೆ. ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಮುರಗಿಯೂ ಹಾಗೆಯೇ. ನೇಯ್ಗಿ ಮತ್ತು ಮೆಂತಿ ಎಂಬ ಇನ್ನೆರಡು ಹೊಲಿಗೆಗಳಲ್ಲಿ ಎರಡೂ ಮೈ ಒಂದಾಗುವುದಿಲ್ಲವಾದರೂ ಗಂಟು ಹಾಕುವಂತಿಲ್ಲ. ದಾರದ ತುದಿಯನ್ನು ಹೊಲಿಗೆಯ ಅಡಿಯಲ್ಲಿಯೇ ಮರೆಸಬೇಕು. ದೊಡ್ಡವ್ವ ಯಾರ ಕೆಲಸವನ್ನೂ ಮುಂಬದಿಯಿಂದ ನೋಡಿದ್ದನ್ನು ನಾನು ಕಂಡಿಲ್ಲ. ಕಲಿಯಲು ಬಂದ ಹುಡುಗಿಯರು ಬಟ್ಟೆ ಮುಂದಿಟ್ಟರೆ ಅವಳ ಮಾತು ಎರಡೇ: "ತಿರುವಿ ತೋರ್ಸು." ಆಮೇಲೆ, "ಹ್ಞೂಂ, ಬಿಚ್ಚು." ಆ "ಬಿಚ್ಚು" ಕೇಳಿ ಕಣ್ಣೀರು ಹಾಕಿದವರಲ್ಲಿ ನಾನೂ ಒಬ್ಬ. ಗಂಡುಹುಡುಗನ ಕೈಗೆ ಸೂಜಿ ಯಾಕೆ ಎಂದು ಯಾರೋ ಕೇಳಿದಾಗ, "ಎಣಿಸಾಕ ಬರ್ತದಲ್ಲ, ಸಾಕು" ಎಂದಿದ್ದಳು. ನನಗೆ ನೆಟ್ಟಗೆ ಬಂದದ್ದು ಗವಂತಿಯೊಂದೇ.

1980ರ ದಶಕದ ಕೊನೆಯಲ್ಲಿ, ತಲೆಗೂದಲು ನರೆಯತೊಡಗಿದ್ದ ಕಾಲಕ್ಕೆ, ಅವಳು ಒಂದು ಹಳೆಯ ಲೂನಾ ಮೊಪೆಡ್ ಕೊಂಡಳು. ಇಳಕಲ್ಲ ಸೀರೆಯ ನಿರಿಗೆಯನ್ನು ಎತ್ತಿ ಸಿಕ್ಕಿಸಿ, ಪೆಡಲು ತುಳಿದು ಗಾಡಿ ಚಾಲೂ ಮಾಡಿ, ರೇಷ್ಮೆ ದಾರ ತರಲು ಪೇಟೆಗೆ ಹೊರಟರೆ ಓಣಿಯ ಹುಡುಗರೆಲ್ಲ ಹಿಂದೆ ಓಡುತ್ತಿದ್ದರು. ಮರಳುವಾಗ ಲೈನ್ ಬಜಾರಿನ ಪೇಡೆಯ ಪೊಟ್ಟಣ ಹ್ಯಾಂಡಲಿಗೆ ತೂಗುತ್ತಿತ್ತು. ಅದೇ ಲೂನಾ ಒಂದು ದಿನ ಸೆರಗಿಗೂ ಬಂತು. ಕಸೂತಿಯಲ್ಲಿ ಗೋಪುರ, ರಥ, ಅಂಬಾರಿ ಆನೆ, ಪಲ್ಲಕ್ಕಿ, ತುಳಸಿ ಕಟ್ಟೆ, ನವಿಲು ಎಲ್ಲವೂ ಉಂಟು, ದುಂಡು ಗೆರೆ ಮಾತ್ರ ಇಲ್ಲ. ಅಡ್ಡ, ಉದ್ದ, ಓರೆ ಇಷ್ಟರಲ್ಲಿಯೇ ಎಲ್ಲವೂ ಆಗಬೇಕು. ರಥದ ಗಾಲಿಯನ್ನು ಎಂಟು ಮೂಲೆಗಳಲ್ಲಿ ಕೂಡಿಸುವ ಲೆಕ್ಕ ಅವಳಿಗೆ ಕೈಗತವಾಗಿದ್ದರಿಂದ ಲೂನಾದ ಗಾಲಿಗಳಿಗೆ ಕಷ್ಟವಾಗಲಿಲ್ಲವಂತೆ. ಪೆಡಲಿಗೆ ಎರಡು ದಿನ ಹಿಡಿಯಿತಂತೆ. ಆನೆಯ ಹಿಂದೆ, ಪಲ್ಲಕ್ಕಿಯ ಮುಂದೆ ಒಂದು ಸಣ್ಣ ಲೂನಾ ಹೋಗುತ್ತಿರುವ ಆ ಸೀರೆಯನ್ನು ಕೊಂಡವರು ಅದನ್ನು ಗಮನಿಸಿದರೋ ಇಲ್ಲವೋ ಎಂಬ ಕುತೂಹಲ ಅವಳಿಗೆ ಕೊನೆಯವರೆಗೂ ಇತ್ತು.

ಸೌಮ್ಯಳಾಗಿದ್ದಳು ಎಂದು ಬರೆದರೆ ನೀವ್ಯಾರೂ ನಂಬುವುದಿಲ್ಲ. 2006ರಲ್ಲಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತೆಂದು ಯಾರೋ ಸಂತೋಷದಿಂದ ಹೇಳಲು ಬಂದರೆ, "ಕೂಲಿ ಎಷ್ಟ್ ಹೆಚ್ಚಾತು?" ಎಂದು ಕೇಳಿ ಅವರ ಬಾಯಿ ಕಟ್ಟಿಸಿದಳು. ಮತ್ತೊಮ್ಮೆ ಒಂದು ಅಂಗಡಿಯಲ್ಲಿ ಮಷೀನಿನ ಕೆಲಸವನ್ನು ಕೈಕಸೂತಿಯೆಂದು ಮಾರುತ್ತಿರುವುದನ್ನು ಕಂಡು, ಗಿರಾಕಿಗಳ ಎದುರಿಗೇ ಸೀರೆಯನ್ನು ತಿರುವಿ, ಕೆಳಗಿನ ಬಾಬಿನ್ನಿನ ಬಿಳಿ ದಾರವನ್ನು ಉಗುರಿನಿಂದ ಎತ್ತಿ ತೋರಿಸಿದ್ದಳು. ಆ ದಿನ ಅವಳ ಜೊತೆಗಿದ್ದ ನಾನು ಅಂಗಡಿಯ ಮೆಟ್ಟಿಲಿಳಿಯುವವರೆಗೂ ತಲೆ ಎತ್ತಲಿಲ್ಲ.

ಈಗ ಕೃತಜ್ಞತೆಯ ಮಾತು. ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೆಯೂ ಅವಳು ಕಪ್ಪು ಚಂದ್ರಕಾಳಿ ಸೀರೆಯ ಕೆಲಸ ಬಿಡಲಿಲ್ಲ. ತೊಡೆಯ ಮೇಲೆ ಬಿಳಿ ಟವೆಲು ಹಾಸಿ, ಅದರ ಮೇಲೆ ಸೀರೆ ಹರಡಿ, ಬೆಳಗಿನ ಬಿಸಿಲಿಗೆ ಕುಳಿತರೆ ಎಳೆಗಳ ನಡುವಿನ ಸಂದು ಬೆಳ್ಳಗೆ ಕಾಣುತ್ತಿತ್ತು. ಎಣಿಕೆಗೆ ಅಷ್ಟು ಸಾಕಾಗುತ್ತಿತ್ತು. ಸೂಜಿಯ ಕಣ್ಣು ಮಾತ್ರ ಕಾಣುತ್ತಿರಲಿಲ್ಲ. ಪಕ್ಕದ ಮನೆಯ ಅಕ್ಕ ತಮ್ಮ ಇಬ್ಬರೂ ಶಾಲೆಗೆ ಹೋಗುವ ಮುನ್ನ ಬಂದು, ಹನ್ನೆರಡು ಸೂಜಿಗಳಿಗೆ ಬೇರೆಬೇರೆ ಬಣ್ಣದ ದಾರ ಪೋಣಿಸಿ, ಖಣದ ತುಂಡಿನ ಮೇಲೆ ಸಾಲಾಗಿ ಚುಚ್ಚಿಟ್ಟು ಹೋಗುತ್ತಿದ್ದರು. ಎರಡು ವರ್ಷ ಅವರು ಇದನ್ನು ತಪ್ಪಿಸಲಿಲ್ಲ. ಪರೀಕ್ಷೆಯ ದಿನಗಳಲ್ಲಿಯೂ ಬಂದರು. ಆ ಮಕ್ಕಳಿಗೂ, ಬಸ್ಸು ತಪ್ಪೀತೆಂದು ಒಮ್ಮೆಯೂ ಗದರದ ಅವರ ತಾಯಿಗೂ ನಾವು ಏನು ಹೇಳಿದರೂ ಕಡಿಮೆಯೇ.

ಕೊನೆಯ ಹದಿನೆಂಟು ದಿನ ಅವಳು ಆಸ್ಪತ್ರೆಯಲ್ಲಿದ್ದಳು. ಉಸಿರಾಟ ಕಷ್ಟವಾಗಿದ್ದರೂ ಕೈ ಸುಮ್ಮನಿರಲಿಲ್ಲ. ಗಾಯಕ್ಕೆ ಸುತ್ತುವ ಬ್ಯಾಂಡೇಜಿನ ಬಟ್ಟೆ ಜಾಳುಜಾಳಾಗಿರುವುದರಿಂದ ಎಣಿಸಲು ಬಲು ಸುಲಭವೆಂದು ಕಂಡುಹಿಡಿದು, ರಾತ್ರಿ ಪಾಳಿಯ ನರ್ಸಿನಿಂದ ಒಂದು ಗೇಣು ಬಟ್ಟೆ ಕೇಳಿ ಪಡೆದು, ಅದರ ಮೇಲೆ ಕೆಂಪು ದಾರದಲ್ಲಿ ತುಳಸಿ ಕಟ್ಟೆ ತೆಗೆದಳು. ಜೊತೆಗೆ ಆ ನರ್ಸಿಗೂ ಗವಂತಿ ಕಲಿಸಿದಳು. ಅವರ ಹೊಲಿಗೆಯನ್ನೂ ತಿರುವಿ ನೋಡಿ ಎರಡು ಸಲ ಬಿಚ್ಚಿಸಿದಳಂತೆ. ಸಿಟ್ಟಾಗದೆ ಬಿಚ್ಚಿ ಮತ್ತೆ ಹಾಕಿದ ಆ ತಾಯಿಗೆ, ಮತ್ತು ಆ ವಾರ್ಡಿನ ಎಲ್ಲರಿಗೆ, ನಮ್ಮ ಕುಟುಂಬ ಋಣಿಯಾಗಿದೆ. ಔಷಧಿಯನ್ನು ರಾತ್ರಿ ಬಾಗಿಲಿಗೇ ತಂದುಕೊಟ್ಟವರಿಗೂ, ಊಟದ ಡಬ್ಬಿ ಕಳಿಸಿದ ಓಣಿಯ ಮನೆಗಳಿಗೂ, ಬಾಗಲಕೋಟೆಯಿಂದ ಬಂದು ವಾರಗಟ್ಟಲೆ ಉಳಿದ ಕಾಕಾ ಕಾಕುವಿಗೂ ಇದೇ ಮಾತು.

ಶಿವಗಣಾರಾಧನೆಯ ದಿನ ನಡೆದದ್ದನ್ನು ನಾವು ಯಾರೂ ಎಣಿಸಿರಲಿಲ್ಲ. ಅವಳ ಕೈಯಿಂದ ಕಲಿತ ಹುಡುಗಿಯೊಬ್ಬಳು, ಈಗ ಅವಳಿಗೂ ನಲವತ್ತು ದಾಟಿದೆ, ತನ್ನ ಮದುವೆಯ ಸೀರೆಯನ್ನು ತಂದು ಅಂಗಳದ ಹಗ್ಗದ ಮೇಲೆ ಹರಡಿದಳು. ಅದನ್ನು ಕಂಡವರು ಮನೆಗೆ ಹೋಗಿ ತಮ್ಮ ಬಳಿಯಿದ್ದುದನ್ನು ತಂದರು: ರವಿಕೆ, ದಿಂಬಿನ ಹೊದಿಕೆ, ಕೂಸಿನ ಕುಲಾವಿ, ಮೂರು ಮಕ್ಕಳು ತೊಟ್ಟು ಬಣ್ಣ ಮಾಸಿದ ಒಂದು ಕುಂಚಿಗೆ. ಮಧ್ಯಾಹ್ನದ ಹೊತ್ತಿಗೆ ಎರಡು ಹಗ್ಗ ತುಂಬಿದವು. ಪುಣೆಯಿಂದ ಬಂದಿದ್ದ ಹಿರಿಯರೊಬ್ಬರು ತಮ್ಮ ಪತ್ನಿಯ ಸೀರೆಯ ಸೆರಗನ್ನು ಬಿಚ್ಚಿ ತೋರಿಸಿದಾಗ, ಆನೆಗೂ ಪಲ್ಲಕ್ಕಿಗೂ ನಡುವೆ ಲೂನಾ ಇತ್ತು. ಅವರು ಕೊಂಡ ವಾರವೇ ಅದನ್ನು ಕಂಡಿದ್ದರಂತೆ. ಹೇಳಿದರೆ ದೊಡ್ಡವ್ವ ನೊಂದುಕೊಂಡಾಳೆಂದು ಸುಮ್ಮನಿದ್ದರಂತೆ. ಊಟಕ್ಕೆ ಬಂದವರು ಒಬ್ಬೊಬ್ಬರಾಗಿ ಹಗ್ಗದ ಆಚೆ ಹೋಗಿ ಹಿಂಬದಿಯನ್ನು ನೋಡುತ್ತಿದ್ದರು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅಂದು ವಸ್ತ್ರ ತಂದ ಪ್ರತಿಯೊಬ್ಬರಿಗೂ ವಿಶೇಷವಾಗಿ ನಮಸ್ಕರಿಸುತ್ತೇನೆ.

ಒಂದು ಬಿನ್ನಹ ಉಳಿದಿದೆ. ಅವಳ ಟ್ರಂಕಿನಲ್ಲಿ ಯಾರೋ ಕೆಲಸಕ್ಕೆಂದು ಕೊಟ್ಟ ಒಂದು ಕಪ್ಪು ಚಂದ್ರಕಾಳಿ ಸೀರೆ ಇದೆ. ಸೆರಗಿನ ಹತ್ತಿರ ಗೋಪುರದ ಬುಡ, ಎರಡು ಹಂತ ಮುಗಿದಿವೆ. ಮೂರನೆಯ ಹಂತದಲ್ಲಿ ಗವಂತಿ ಹೋಗಿದೆ, ಮರಳಿಲ್ಲ. ಸೂಜಿಯೂ ಅದರಲ್ಲಿಯೇ ಇದೆ. ಅವಳ ಲೆಕ್ಕದ ವಹಿಯಲ್ಲಿ ಗಿರಾಕಿಯ ಹೆಸರಿಲ್ಲ. "ಸೋಮವಾರ ಬಂದವ್ರು, ಮಗಳ ಲಗ್ನ" ಎಂದಷ್ಟೇ ಇದೆ, ಮುಂಗಡ ಐದುನೂರು ರೂಪಾಯಿ. ಅವರು ಇದನ್ನು ಓದಿದರೆ ಅಥವಾ ಅವರ ಪರಿಚಯದವರು ಓದಿದರೆ ದಯವಿಟ್ಟು ಮನೆಗೆ ಬರಬೇಕು. ಸೀರೆಯನ್ನು ಇದ್ದಂತೆಯೇ ಬೇಕೆಂದರೆ ಮುಂಗಡದ ಸಮೇತ ಕೊಡುತ್ತೇವೆ. ಮುಗಿಸಿಕೊಡಿ ಎಂದರೆ ಅವಳ ಶಿಷ್ಯೆಯರು ಸಿದ್ಧರಿದ್ದಾರೆ. ಲಗ್ನದ ದಿನ ಹತ್ತಿರವಿದ್ದರೆ ಆದಷ್ಟು ಬೇಗ ತಿಳಿಸಿ, ಗೋಪುರಕ್ಕೆ ಇನ್ನೂ ಐದು ಹಂತ ಬಾಕಿ ಇವೆ.