ವೇಗಕ್ಕಲ್ಲ, ಬೆರಳಿನ ಆರಾಮಕ್ಕೆ

ಮಾನ್ಯರೇ,

ಡ್ವೊರಾಕ್ ಅಥವಾ ಕೋಲ್‌ಮ್ಯಾಕ್ ಕೀಲಿಮಣೆ ವಿನ್ಯಾಸ (ಅಕ್ಷರಗಳ ಬೇರೆ ಜೋಡಣೆ) ಕಲಿತರೆ ಇಂಗ್ಲಿಷ್ ಟೈಪಿಂಗ್ ವೇಗ ದುಪ್ಪಟ್ಟಾಗುತ್ತದೆ ಎಂಬುದು ಉತ್ಪ್ರೇಕ್ಷೆ. ಲಾಭವೇನಿದ್ದರೂ ಬೆರಳಿಗೆ. ಮಾಮೂಲಿ ವಿನ್ಯಾಸವಾದ ಕ್ವರ್ಟಿಯಲ್ಲಿ, ಬೆರಳುಗಳು ತಂಗುವ ನಡುಸಾಲಿಗೆ ಬೀಳುವ ಕೆಲಸ ಸುಮಾರು ಮೂರನೇ ಒಂದು ಭಾಗ. 1936ರಲ್ಲಿ ಪೇಟೆಂಟ್ ಪಡೆದ ಡ್ವೊರಾಕ್‌ನಲ್ಲಿ ಸುಮಾರು ಶೇ 70. ಐದೂ ಸ್ವರಗಳು ಎಡಗೈಯ ನಡುಸಾಲಿನಲ್ಲೇ ಇರುವುದರಿಂದ ಕೈಗಳು ಸರದಿಯಂತೆ ದುಡಿಯುತ್ತವೆ. ಆದರೆ ಎಲ್, ಎಸ್ ಎರಡೂ ಬಲಗೈ ಕಿರುಬೆರಳಿನ ಪಾಲು. ಲಿನಕ್ಸ್ ಕಂಪ್ಯೂಟರಿನಲ್ಲಿ ಕಡತಗಳ ಪಟ್ಟಿ ನೋಡಲು ‘ಎಲ್‌ಎಸ್’ ಆದೇಶ ಒತ್ತಿ ಎಂಟರ್ ಕೊಡುವವರಿಗೆ ಮೂರೂ ಏಟು ಅದೇ ಬೆರಳಿಗೆ! ಕಾಪಿ, ಪೇಸ್ಟ್‌ಗೆ ಕಂಟ್ರೋಲ್ ಜೊತೆ ಒತ್ತುವ ಸಿ, ವಿ ಕೀಲಿಗಳೂ ಬಲಗಡೆಗೆ ಹೋಗಿಬಿಡುತ್ತವೆ.

2006ರ ಕೋಲ್‌ಮ್ಯಾಕ್ ಬದಲಿಸುವುದು 17 ಕೀಲಿಗಳನ್ನಷ್ಟೇ. ಝಡ್, ಎಕ್ಸ್, ಸಿ, ವಿ ಇದ್ದಲ್ಲೇ ಇರುತ್ತವೆ. ಕ್ವರ್ಟಿ ರೂಢಿಯಾದವರಿಗೆ ಇದೇ ವಾಸಿ.

ಕಲಿಯುವವರು ಕೀಲಿಯ ಮುಚ್ಚಳಗಳನ್ನು ಕಿತ್ತು ಅದಲುಬದಲು ಮಾಡಬೇಡಿ. ಹಲವು ಕೀಲಿಮಣೆಗಳಲ್ಲಿ ಸಾಲಿನಿಂದ ಸಾಲಿಗೆ ಮುಚ್ಚಳದ ಓರೆ ಬೇರೆ. ಮೇಲಾಗಿ ಕಣ್ಣು ಕೆಳಗೇ ಅಂಟಿಕೊಳ್ಳುತ್ತದೆ. ನಕ್ಷೆಯನ್ನು ಪರದೆಯ ಪಕ್ಕ ಅಂಟಿಸಿ, ನಡುಸಾಲಿನಿಂದ ಶುರುಮಾಡಿ. ತಪ್ಪು ಶೇ 5ಕ್ಕಿಂತ ಕೆಳಗಿಳಿಯುವ ತನಕ ವೇಗ ಅಳೆಯಲೇಬೇಡಿ. ಮೊದಲ ಕೆಲವು ವಾರ ವೇಗ ಕುಸಿದೇ ಕುಸಿಯುತ್ತದೆ, ತುರ್ತು ಕೆಲಸವಿದ್ದಾಗ ಈ ಸಾಹಸ ಬೇಡ. ಮಣಿಕಟ್ಟು ನೋಯುತ್ತಿದ್ದರೆ ವಿನ್ಯಾಸಕ್ಕಿಂತ ಮೊದಲು ಮೇಜಿನ ಎತ್ತರ ಸರಿಪಡಿಸಿ, ಕೀಲಿಮಣೆಯ ಹಿಂಗಾಲು ಮಡಚಿ ನೋಡಿ.

– ಟೈಪಿಂಗ್ ಬೋಧಕ